ಊರಿಗೆ ಬಂದ ವಿಶ್ವವಿದ್ಯಾನಿಲಯ

ಬೆಳಗಿನ ಹೊತ್ತು ರೇಡಿಯೋ ತಿರುಗಿಸಿದರೆ ನಮ್ಮ ಕಿವಿಗೆ ಬೀಳುವ ಮೊದಲ ಮಾತು ‘ಆಕಾಶವಾಣಿ’. ಕಂಸನ ಎದೆ ನಡುಗಿಸಿದ ಪುರಾಣದ ಅಶರೀರವಾಣಿಯ ಹೆಸರು ದಿನಸಿ ಧಾರಣೆಯನ್ನೂ ಹವಾಮಾನವನ್ನೂ ಹೇಳುವ ಯಂತ್ರಕ್ಕೆ ಬಂದುದು ಹೇಗೆಂಬುದನ್ನು ಬಹುಮಂದಿ ಬಲ್ಲರು. 1935ನೆಯ ಇಸವಿ ಸೆಪ್ಟೆಂಬರ್ 10ರಂದು ಮೈಸೂರಿನ ‘ವಿಠಲ ವಿಹಾರ’ ಎಂಬ ಮನೆಯಿಂದ ಮೂವತ್ತು ವ್ಯಾಟ್ ಶಕ್ತಿಯ ಪುಟ್ಟ ಯಂತ್ರವೊಂದು ಪ್ರಸಾರವನ್ನು ಆರಂಭಿಸಿತು. ಮನೆ ಡಾ. ಎಂ. ವಿ. ಗೋಪಾಲಸ್ವಾಮಿಯವರದು. ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರು, ಕೇರಳದಲ್ಲಿ ಹುಟ್ಟಿ, ಮೈಸೂರಿಗೆ ಬಂದು ಕನ್ನಡ ಕಲಿತು, ಕನ್ನಡಿಗರನ್ನೇ ನಗಿಸಿದ ಪುಣ್ಯಾತ್ಮರು.

ಇಷ್ಟು ಕಥೆ ಎಲ್ಲರಿಗೂ ಗೊತ್ತು. ಗೋಪಾಲಸ್ವಾಮಿಯವರ ಉದ್ಯೋಗವೇನೆಂಬುದನ್ನು ಮಾತ್ರ ನಾವು ಮರೆತುಬಿಡುತ್ತೇವೆ. ಅವರು ವ್ಯಾಪಾರಿಗಳಲ್ಲ, ಎಂಜಿನಿಯರರಲ್ಲ, ಸರ್ಕಾರದ ಪ್ರಚಾರಾಧಿಕಾರಿಗಳೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕಾಲೇಜಿನಲ್ಲಿ ಪಾಠ ಹೇಳಿ ಮನೆಗೆ ಬಂದು ಅದೇ ಮನೆಯಿಂದ ಊರಿಗೆಲ್ಲ ಸಂಗೀತವನ್ನೂ ಭಾಷಣವನ್ನೂ ಹಂಚುವ ಹುಚ್ಚು ಅವರಿಗೇಕೆ ಹತ್ತಿತು? ಕಸ್ತೂರಿಯವರೂ ಅದೇ ಕಾಲೇಜಿನ ಅಧ್ಯಾಪಕರು. ಆಗ ಊರಿನಲ್ಲಿ ರೇಡಿಯೋ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಕೆಲವು ವರ್ಷಗಳ ತರುವಾಯ ಸಂಸ್ಥಾನದ ಸರ್ಕಾರವು ಆ ನಿಲಯವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರು ನಿಲಯ ಹುಟ್ಟಿತು. ಹೆಸರಂತೂ ದೇಶಕ್ಕೆಲ್ಲ ಆಯಿತು. ನನಗೆ ಕುತೂಹಲವಿರುವುದು ನಿಲಯದ ಮುಂದಿನ ಕಥೆಯಲ್ಲಲ್ಲ, ಅದರ ಹಿಂದಿನದರಲ್ಲಿ. ಅದು ಒಬ್ಬ ಪ್ರಾಧ್ಯಾಪಕರ ಸ್ವಂತ ಹುಚ್ಚು ಮಾತ್ರವಾಗಿರಲಿಲ್ಲ. ಅವರು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾನಿಲಯದ ಗಾಳಿಯಲ್ಲಿಯೇ ಅಂಥದೊಂದು ವಿಚಾರ ಬೆರೆತಿತ್ತು.

ವಿದ್ಯೆಗೂ ಊರಿಗೂ ಇರುವ ಸಂಬಂಧ ನಮ್ಮಲ್ಲಿ ಹೊಸದಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. 945ರ ಶಾಸನವೊಂದುಂಟು. ನಾರಾಯಣನೆಂಬ ಮಂತ್ರಿ ಕಟ್ಟಿಸಿದ ವಿದ್ಯಾಶಾಲೆ, ದೂರದೂರದಿಂದ ಬಂದ ವಿದ್ಯಾರ್ಥಿಗಳಿಗೆ ಊಟ, ದೀಪಕ್ಕೆಂದು ಬಿಟ್ಟ ಭೂಮಿ, ಇವುಗಳ ವಿವರ ಅದರಲ್ಲಿದೆ. ಅದರಲ್ಲಿ ನನಗೆ ಪ್ರಿಯವಾದ ಭಾಗ ಬೇರೆ. ಊರಿನಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಅದರರ್ಧ, ಚೌಲವಾದರೆ ಅದರ ಅರ್ಧ ಕೊಡುತ್ತೇವೆಂದು ಊರವರು ಒಪ್ಪಿಕೊಂಡಿದ್ದರು. ಊರು ಶಾಲೆಗೆ ಏನು ಕೊಡಬೇಕೆಂಬುದನ್ನು ಕಲ್ಲಿನಲ್ಲಿ ಕೊರೆಸಿದ್ದಾರೆ. ಶಾಲೆಯು ಊರಿಗೆ ಏನು ಕೊಡಬೇಕು? ಕಲ್ಲು ಮೌನವಾಗಿದೆ.

ಅದಾಗಿ ಸುಮಾರು ಒಂಬೈನೂರ ಎಪ್ಪತ್ತು ವರ್ಷಗಳ ಮೇಲೆ, 1916ರ ಜುಲೈ 27ರಂದು, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಅಲ್ಲಿಯವರೆಗೆ ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯದ ಅಂಕಿತದಲ್ಲಿದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರವರು ಕುಲಾಧಿಪತಿಗಳು, ದಿವಾನರು ಸರ್ ಎಂ. ವಿಶ್ವೇಶ್ವರಯ್ಯನವರು, ಮೊದಲ ಉಪಕುಲಪತಿಗಳು ಎಚ್. ವಿ. ನಂಜುಂಡಯ್ಯನವರು. ಈ ನಂಜುಂಡಯ್ಯನವರೇ ಹಿಂದಿನ ವರ್ಷ, 1915ರಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೂ ಮೊದಲ ಅಧ್ಯಕ್ಷರು. ಒಂದೇ ತಲೆ ಎರಡು ಪೇಟಗಳನ್ನು ಹೊತ್ತಿತ್ತು. ಇದು ಕಾಕತಾಳೀಯವಿದ್ದರೂ ಇರಬಹುದು, ಶುಭಶಕುನವಂತೂ ಹೌದು.

ಹೊಸ ವಿಶ್ವವಿದ್ಯಾನಿಲಯ ಹೇಗಿರಬೇಕೆಂಬುದಕ್ಕೆ ಬಹಳ ಮೊದಲಿನಿಂದಲೇ ಸಿದ್ಧತೆ ನಡೆದಿತ್ತು. ಸಿ. ಆರ್. ರೆಡ್ಡಿಯವರೂ ಥಾಮಸ್ ಡೆನ್‌ಹ್ಯಾಂ ಅವರೂ ಪರದೇಶಗಳ ವಿದ್ಯಾಪದ್ಧತಿಗಳನ್ನು ಪರಿಶೀಲಿಸಿ ವರದಿ ಒಪ್ಪಿಸಿದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1873ರಷ್ಟು ಹಿಂದೆಯೇ ಜೇಮ್ಸ್ ಸ್ಟುವರ್ಟ್ ಎಂಬವರ ಪ್ರಯತ್ನದಿಂದ ಅಧ್ಯಾಪಕರು ಕೈಗಾರಿಕಾ ಪಟ್ಟಣಗಳಿಗೆ ಹೋಗಿ, ಕಾಲೇಜು ಮೆಟ್ಟಿಲು ಹತ್ತಲಾರದ ಕಾರ್ಮಿಕರಿಗೂ ಹೆಂಗಸರಿಗೂ ಉಪನ್ಯಾಸ ಕೊಡುವ ಪದ್ಧತಿ ಬಂದಿತ್ತು. ಅಮೆರಿಕೆಯ ವಿಸ್ಕಾನ್ಸಿನ್‌ನಲ್ಲಿ ಅದು ಇನ್ನೂ ಮುಂದಕ್ಕೆ ಹೋಗಿತ್ತು. ರಾಜ್ಯದ ಗಡಿ ಎಲ್ಲಿಯವರೆಗೋ ವಿಶ್ವವಿದ್ಯಾನಿಲಯದ ಗಡಿಯೂ ಅಲ್ಲಿಯವರೆಗೆ ಎಂಬುದು ಅಲ್ಲಿನವರ ಭಾವನೆ. ಹಾಲು ಕರೆಯುವ ರೈತನ ಕೊಟ್ಟಿಗೆಯೂ ಒಂದು ತರಗತಿ. ಮೈಸೂರಿನ ಹಿರಿಯರಿಗೆ ಈ ವಿಸ್ಕಾನ್ಸಿನ್ ಮಾದರಿ ಹಿಡಿಸಿತು.

ಹಿಡಿಸಿತೇನೋ ಸರಿ, ಆಚರಣೆಗೆ ತರುವುದು ಹೇಗೆ? ಕೇಂಬ್ರಿಜಿನ ಪ್ರಾಧ್ಯಾಪಕರು ಯಾವ ಭಾಷೆಯಲ್ಲಿ ಪಾಠ ಹೇಳುತ್ತಿದ್ದರೋ ಅದೇ ಭಾಷೆಯಲ್ಲಿ ಗಿರಣಿಯ ಕಾರ್ಮಿಕರೊಡನೆ ಮಾತನಾಡಬಲ್ಲವರಾಗಿದ್ದರು. ನಮ್ಮಲ್ಲಿ ಹಾಗಿರಲಿಲ್ಲ. ಕಾಲೇಜಿನ ಗೋಡೆಯ ಒಳಗೆ ಇಂಗ್ಲಿಷು, ಹೊರಗೆ ಕನ್ನಡ. ಮನೆಯಲ್ಲಿ ತಾಯಿಯೊಡನೆ ಕನ್ನಡ ಮಾತನಾಡುವ ರಸಾಯನಶಾಸ್ತ್ರದ ಅಧ್ಯಾಪಕರಿಗೆ, ತಾವು ಹೇಳುವ ಶಾಸ್ತ್ರವನ್ನು ಆ ತಾಯಿಗೆ ತಿಳಿಯ ಹೇಳಲು ನಾಲ್ಕು ಮಾತು ಸಿಕ್ಕುತ್ತಿರಲಿಲ್ಲ. ‘ಪೌರಧರ್ಮ’ವನ್ನು ಬೆಳೆಸಬೇಕೆಂದು ಭಾಷಣಗಳೇನೋ ಆಗುತ್ತಿದ್ದುವು. ನನ್ನಂಥ ಪಂಡಿತನ ಕಿವಿಗೆ ಆ ಶಬ್ದದಲ್ಲಿಯೇ ತೊಡಕು ಕಾಣುತ್ತದೆ. ‘ಪೌರ’ನೆಂದರೆ ಪುರದವನು, ಹಳ್ಳಿಯವನು ಅಲ್ಲಿಗೇ ಹೊರಗಾದ. ಅದಕ್ಕಿಂತ ನಮ್ಮ ರೈತರ ಬಾಯಲ್ಲಿರುವ ‘ಊರೊಟ್ಟು’ ಎಂಬುದು ಎಷ್ಟೋ ಅಚ್ಚುಕಟ್ಟಾದ ಮಾತು. ಕೆರೆಯ ಹೂಳು ತೆಗೆಯುವುದು ಊರೊಟ್ಟಿನ ಕೆಲಸ ಎಂದರೆ ಬೇರೆ ವಿವರಣೆ ಬೇಡ.

ಈ ಗೋಡೆಯನ್ನು ಕೆಡವಲು ಹೊರಟವರಲ್ಲಿ ಹಿರಿಯರು ಬಿ. ಎಂ. ಶ್ರೀಕಂಠಯ್ಯನವರು. ಅವರು ಇಂಗ್ಲಿಷ್ ಪ್ರಾಧ್ಯಾಪಕರೆಂಬುದನ್ನು ನೆನೆಯಬೇಕು. 1911ರಲ್ಲಿಯೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದವರು. ಮುಂದೆ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾದಾಗ ಕನ್ನಡಕ್ಕೆ ಒಳಗೂ ಹೊರಗೂ ಬಾಗಿಲು ತೆರೆದರು. 1927ರಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾಯಿತು. ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕರ್ಣಾಟಕ ಸಂಘವನ್ನು ಕಟ್ಟಿ, 1919ರಿಂದ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದ್ದರು, ಅದು ಮುಂದೆ ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು. ಅದೇ ಕಾಲೇಜಿನ ಭೌತಶಾಸ್ತ್ರದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡಗೂಡಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದ್ದೂ ಹೆಚ್ಚುಕಡಮೆ ಅದೇ ಕಾಲ. ಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೆ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೆಂಬುದಕ್ಕೆ ಇನ್ನು ಸಾಕ್ಷಿ ಬೇಕಾಗಿರಲಿಲ್ಲ.

1930ರ ದಶಕದಲ್ಲಿ ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳ ವ್ಯವಸ್ಥೆಯನ್ನು ಮಾಡಿತು. ಪ್ರಾಧ್ಯಾಪಕರು ತಾಲ್ಲೂಕು ಕೇಂದ್ರಗಳಿಗೂ ಹೋಬಳಿಗಳಿಗೂ ಹೋಗಿ ಕನ್ನಡದಲ್ಲಿ ಮಾತನಾಡಬೇಕು; ಮಾತನಾಡಿದ್ದನ್ನು ಬರೆದುಕೊಟ್ಟರೆ ಅದು ಚಿಕ್ಕ ಪುಸ್ತಕವಾಗಿ ಅಚ್ಚಾಗಿ ಕೆಲವೇ ಆಣೆಗಳಿಗೆ ಮಾರಾಟವಾಗುವುದು. ಇದೇ ಪ್ರಚಾರ ಪುಸ್ತಕಮಾಲೆ. ಕವಿಗಳು, ರೋಗಗಳು, ನ್ಯಾಯ, ಆಹಾರ, ಗ್ರಹನಕ್ಷತ್ರಗಳು, ಹೀಗೆ ಯಾವ ವಿಷಯವನ್ನೂ ಬಿಟ್ಟಂತಿಲ್ಲ. ನಮ್ಮ ತಂದೆಯವರ ತಗಡಿನ ಪೆಟ್ಟಿಗೆಯಲ್ಲಿ ಇಂಥ ಏಳೆಂಟು ಪುಸ್ತಕಗಳಿದ್ದುವು. ತೆಳು ಹೊದಿಕೆ, ಒರಟು ಕಾಗದ. ನಾನು ಕನ್ನಡ ಪಂಡಿತ ತರಬೇತಿಗೆ ಓದುವಾಗ ಕೇಶಿರಾಜನ ಸೂತ್ರಗಳಿಂದ ತಲೆ ಕಾದಾಗಲೆಲ್ಲ ಇವನ್ನು ತೆಗೆದು ಓದುತ್ತಿದ್ದೆ. ಅವುಗಳ ಗದ್ಯದಲ್ಲಿ ಒಂದು ವಿಶೇಷವುಂಟು. ಎದುರಿಗೆ ಯಾರೋ ಕುಳಿತಿದ್ದಾರೆ, ಅವರಿಗೆ ಅರ್ಥವಾಗದಿದ್ದರೆ ಎದ್ದು ಹೋಗಿಬಿಡುತ್ತಾರೆ ಎಂಬ ಭಯ ಪ್ರತಿ ವಾಕ್ಯದಲ್ಲಿಯೂ ಕಾಣುತ್ತದೆ. ಹಾಜರಿ ಪುಸ್ತಕದ ಬಲವಿಲ್ಲದೆ ಮಾತನಾಡಬೇಕಾದ ಅಧ್ಯಾಪಕನಿಗೆ ಮಾತ್ರ ಇಂಥ ಗದ್ಯ ಒಲಿಯುತ್ತದೆಂದು ಮೂವತ್ತು ವರ್ಷ ಪಾಠ ಹೇಳಿದ ನನಗೆ ತೋರುತ್ತದೆ.

ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಅವರು ಚಿಕ್ಕ ವಯಸ್ಸಿನಲ್ಲಿ ಕೇಳಿದ ಒಂದು ಪ್ರಚಾರೋಪನ್ಯಾಸದ ಸಂಗತಿಯನ್ನು ನಮಗೆ ಹತ್ತಾರು ಸಲ ಹೇಳಿದ್ದಾರೆ. 1950ರ ದಶಕದ ಕೊನೆಯ ಭಾಗ. ಸಂಕ್ರಾಂತಿ ಆಗತಾನೆ ಕಳೆದಿತ್ತು. ಹೋಬಳಿಯ ಶಾಲೆಯ ಅಂಗಳದಲ್ಲಿ ಗ್ಯಾಸ್ ಲೈಟು ಹಚ್ಚಿದ್ದರು. ಮೈಸೂರಿನಿಂದ ಬಂದ ಪ್ರಾಧ್ಯಾಪಕರು ನಕ್ಷತ್ರಗಳನ್ನು ಕುರಿತು ಮಾತನಾಡತೊಡಗಿ, ಅರ್ಧ ಗಂಟೆಯಾದ ಮೇಲೆ, ‘ದೀಪ ಆರಿಸಿ, ಎಲ್ಲರೂ ಮೇಲೆ ನೋಡಿ’ ಎಂದರಂತೆ. ನೆತ್ತಿಯ ಬಳಿ ಕೃತ್ತಿಕೆಯ ಗೊಂಚಲು. ಅದರ ಹಿಂದೆ ಕೆಂಪಗೆ ರೋಹಿಣಿ. ಅದಕ್ಕೂ ಹಿಂದೆ ಮೃಗಶಿರ. ಒಂದೊಂದನ್ನೂ ತೋರಿಸುತ್ತ ಹೋದರು.

ಆಗ ಕಂಬಳಿ ಹೊದ್ದು ಕುಳಿತಿದ್ದ ಗೌಡರೊಬ್ಬರು ಎದ್ದು ನಿಂತು, ‘ಸ್ವಾಮೀ, ಒಂದ್ ಮಾತು ಕೇಳ್ತೀನಿ. ರೋಹಿಣಿ ಮಳೆ ಉಯ್ಯೋ ಕಾಲದಾಗೆ ಈ ರೋಹಿಣಿ ನಮ್ ಕಣ್ಣಿಗೇ ಬೀಳಾಕಿಲ್ಲ. ಅದ್ಯಾಕೆ?’ ಎಂದರು.

ಪ್ರಾಧ್ಯಾಪಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಗೌಡರೆ, ಇದನ್ನು ಇಷ್ಟು ವರ್ಷದಲ್ಲಿ ನನ್ನ ವಿದ್ಯಾರ್ಥಿಗಳು ಒಬ್ಬರೂ ಕೇಳಿರಲಿಲ್ಲ. ಆ ಹದಿಮೂರು ಹದಿನಾಲ್ಕು ದಿನ ಸೂರ್ಯ ರೋಹಿಣಿಯ ನೇರಕ್ಕೇ ಇರುತ್ತಾನೆ. ಅವನ ಬೆಳಕಿನಲ್ಲಿ ಅವಳು ಮುಳುಗಿಹೋಗುತ್ತಾಳೆ. ಅದಕ್ಕೇ ಆ ಮಳೆಗೆ ಅವಳ ಹೆಸರು’ ಎಂದರು.

ಗೌಡರು ನಕ್ಕು, ‘ನಮ್ಮಪ್ಪ ಅಂತಿದ್ದ, ಸೂರ್ಯದೇವ್ರು ಅವಳ ಮನೆಗೋಗವ್ನೆ ಅಂತ. ಕತೆ ಅಂದ್ಕೊಂಡಿದ್ದೆ’ ಎಂದು ಕುಳಿತರಂತೆ.

ಮಾರನೆಯ ದಿನದ ಉಪನ್ಯಾಸವನ್ನು ಪ್ರಾಧ್ಯಾಪಕರು ಆ ಮಾತಿನಿಂದಲೇ ಆರಂಭಿಸಿದರೆಂದು ತಂದೆಯವರು ಹೇಳುತ್ತಿದ್ದರು. ಊರವರು ಆ ದಿನ ಹಿಂದಿನ ದಿನದ ಎರಡರಷ್ಟು ಸೇರಿದ್ದರು. ಸಾಲೋಟಗಿಯ ಕಲ್ಲು ಹೇಳದೆ ಬಿಟ್ಟ ಮಾತು ಹೀಗೆ ಒಂದು ಶಾಲೆಯ ಅಂಗಳದಲ್ಲಿ ಆಡಿಹೋಯಿತೆಂದು ನನಗನ್ನಿಸುತ್ತದೆ. ತಿಳಿದವರು ತಿಳಿಯದವರಿಗೆ ಕೊಟ್ಟರು ಎಂದರೆ ಪೂರ್ತಿಯಾಗದು. ಪ್ರಾಧ್ಯಾಪಕರೂ ಬರಿಗೈಯಲ್ಲಿ ಹಿಂದಿರುಗಲಿಲ್ಲ.

ಇದೇ ವೇಳೆಗೆ, 1956ರಿಂದ 1960ರವರೆಗೆ, ಕುವೆಂಪು ಅವರು ಉಪಕುಲಪತಿಗಳಾಗಿದ್ದರು. ಮಾನಸಗಂಗೋತ್ರಿಯನ್ನು ಕಟ್ಟಿ ಹೆಸರಿಟ್ಟವರು ಅವರೇ. ವಿಶ್ವವಿದ್ಯಾನಿಲಯಕ್ಕೆ ಬೋಧನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಮೂರು ಅಂಗಗಳುಂಟೆಂದು ಅವರು ಸಾರಿದರು. ‘ಅಂಗ’ವೆಂಬ ಶಬ್ದವನ್ನು ಅವರು ಸುಮ್ಮನೆ ಆರಿಸಿದ್ದಲ್ಲ. ಇಲಾಖೆಯನ್ನು ಖರ್ಚು ಹೆಚ್ಚಾದಾಗ ಮುಚ್ಚಬಹುದು. ಅಂಗವನ್ನು ಕತ್ತರಿಸಿದರೆ ದೇಹ ಊನವಾಗುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವೂ ವ್ಯಾಸಂಗ ವಿಸ್ತರಣ ಉಪನ್ಯಾಸಗಳನ್ನು ಏರ್ಪಡಿಸಿ ಗ್ರಂಥಮಾಲೆಯಾಗಿ ಪ್ರಕಟಿಸಿತು. ಮುಂದೆ ಹುಟ್ಟಿದ ಕನ್ನಡನಾಡಿನ ವಿಶ್ವವಿದ್ಯಾನಿಲಯಗಳಲ್ಲಿಯೂ ಪ್ರಸಾರಾಂಗವೆಂಬ ಹೆಸರು ನಿಂತಿತು. ಹೆಸರು ನಿಂತೆಡೆಯಲ್ಲೆಲ್ಲ ಉಪನ್ಯಾಸಕರು ಹಳ್ಳಿಗೆ ಹೋದರೇ ಎಂದು ಕೇಳಬಾರದು. ಎಷ್ಟೋ ಕಡೆ ಪುಸ್ತಕ ಅಚ್ಚು ಮಾಡಿ ಗೋದಾಮಿನಲ್ಲಿ ಪೇರಿಸುವುದೇ ಪ್ರಸಾರವೆಂದಾಯಿತು.

ಇದುವರೆಗೆ ಹೇಳಿದ್ದು ಗುರುಗಳ ಮಾತು. ವಿದ್ಯಾರ್ಥಿಗಳೇನು ಮಾಡಿದರು? 1940ರ ಸುಮಾರಿಗೆ ಮೈಸೂರಿನಲ್ಲಿ ಯೂನಿವರ್ಸಿಟಿ ಯೂನಿಯನ್ನಿನ ವಿದ್ಯಾರ್ಥಿಗಳು ವಯಸ್ಕರಿಗೆ ಅಕ್ಷರ ಕಲಿಸುವ ಕೆಲಸವನ್ನು ಆರಂಭಿಸಿದರು. ಹಗಲು ಷೇಕ್ಸ್‌ಪಿಯರನ್ನು ಓದಿದ ಹುಡುಗರು ಸಂಜೆ ಕೂಲಿಯವರ ಕೇರಿಗಳಲ್ಲಿ ಅಕ್ಷರ ತಿದ್ದಿಸುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಆ ಮೊಳಕೆಯೇ ಬೆಳೆದು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯಾಯಿತು. ಹೊಸದಾಗಿ ಓದಲು ಕಲಿತವರಿಗಾಗಿ ‘ಬೆಳಕು’ ಪತ್ರಿಕೆ ಹೊರಟಿತು. ಡೆನ್ಮಾರ್ಕಿನ ಜನತಾ ಪಾಠಶಾಲೆಗಳ ಮಾದರಿಯಲ್ಲಿ ರೈತರ ಮಕ್ಕಳಿಗೆ ವಿದ್ಯಾಪೀಠಗಳು ಬಂದುವು.

ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ದೊಡ್ಡವರು ವಿದ್ಯಾರ್ಥಿಗಳನ್ನು ಸಾರ್ವಜನಿಕ ಜೀವನಕ್ಕೆ ಕರೆಯುವಾಗ ಅವರು ಸ್ಲೇಟು ಹಿಡಿದು ಹೋಗಲಿ, ಗುದ್ದಲಿ ಹಿಡಿದು ಹೋಗಲಿ ಎಂದೇ ಭಾವಿಸಿರುತ್ತಾರೆ. ಆದರೆ ಅಕ್ಷರ ಕಲಿಸಲು ಕೇರಿಗೆ ಹೋದವನು ಆ ಕೇರಿಗೆ ನಲ್ಲಿ ಏಕಿಲ್ಲವೆಂದೂ ಕೇಳಿಯಾನು. ನಲ್ಲಿಯನ್ನು ಕೇಳಿದವನು ನಾಡಿನ ಆಡಳಿತವನ್ನೂ ಕೇಳಿಯಾನು. 1942ರಲ್ಲಿ ತರಗತಿಗಳನ್ನು ಬಿಟ್ಟು ಬೀದಿಗಿಳಿದವರೂ, 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಎಂದವರೂ ವಿದ್ಯಾರ್ಥಿಗಳೇ. ಆ ಚಳವಳಿಯಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ಬಸ್ಸಿಗೆ ಕಾಯುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹುಡುಗ ಯಾರೆಂದು ತಿಳಿದಿದೆಯೋ!

ಸ್ವಾತಂತ್ರ್ಯಾನಂತರ ಈ ವಿಚಾರವು ದೇಶದ ಮಟ್ಟಕ್ಕೇರಿತು. 1948–49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದ ಡಾ. ರಾಧಾಕೃಷ್ಣನ್ ಅವರು, ಒಂದು ಕಾಲಕ್ಕೆ ನಮ್ಮ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದವರು, ವಿದ್ಯಾರ್ಥಿಗಳು ಸ್ವಯಿಚ್ಛೆಯಿಂದ ಸಮಾಜಸೇವೆ ಮಾಡಬೇಕೆಂಬುದನ್ನು ಎತ್ತಿ ಹೇಳಿದರು. ಸಮಿತಿಗಳ ಮೇಲೆ ಸಮಿತಿಗಳು ಕುಳಿತೆದ್ದ ಮೇಲೆ, ಗಾಂಧೀ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಶಿಕ್ಷಣ ಸಚಿವರಾಗಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು ಮೂವತ್ತೇಳು ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಮೊದಲ ವರ್ಷ ಸೇರಿದವರು ನಾಲ್ವತ್ತು ಸಾವಿರ ವಿದ್ಯಾರ್ಥಿಗಳು. ವರ್ಷಕ್ಕೆ ಇಷ್ಟು ಗಂಟೆಯ ಸೇವೆ, ಹಳ್ಳಿಯಲ್ಲಿ ಇಷ್ಟು ದಿನದ ಶಿಬಿರ ಎಂದು ನಿಯಮಗಳಾದುವು. ಗಂಟೆಯ ಲೆಕ್ಕ ಬಂದೊಡನೆ ಸೇವೆಯು ಸ್ವಲ್ಪ ಸೊರಗಿತು ಎನ್ನುವವರುಂಟು, ನಾನೂ ಅವರಲ್ಲೊಬ್ಬ. ಆದರೆ ಲೆಕ್ಕವಿಲ್ಲದಿದ್ದರೆ ನನ್ನಂಥವನು ಹಳ್ಳಿಯ ಕಡೆ ತಲೆ ಹಾಕುತ್ತಲೂ ಇರಲಿಲ್ಲ.

1980ರ ದಶಕದ ಕೊನೆಗೆ ಬಿ. ಎ. ಓದುತ್ತಿದ್ದಾಗ ಮಂಡ್ಯ ಸೀಮೆಯ ಒಂದು ಹಳ್ಳಿಯಲ್ಲಿ ಹತ್ತು ದಿನದ ಶಿಬಿರಕ್ಕೆ ಹೋಗಿದ್ದೆ. ಊರಿನಿಂದ ಕೆರೆಯ ಏರಿಗೆ ರಸ್ತೆ ಹಾಕುವುದು ನಮ್ಮ ಕೆಲಸ. ಮೊದಲ ದಿನ ಹಾರ, ತುರಾಯಿ, ಭಾಷಣ, ಗುದ್ದಲಿ ಹಿಡಿದ ಅತಿಥಿಗಳ ಭಾವಚಿತ್ರ. ಮೂರನೆಯ ದಿನ ಮಧ್ಯಾಹ್ನ ಮುದ್ದೆ ಉಂಡು ಕುಳಿತಿದ್ದಾಗ ಮುದುಕಿಯೊಬ್ಬಳು ಮಡಿಸಿ ಮಡಿಸಿ ಹರಿದ ಕಾಗದವೊಂದನ್ನು ಸೆರಗಿನಿಂದ ಬಿಚ್ಚಿ ತಂದಳು. ವೃದ್ಧಾಪ್ಯ ವೇತನಕ್ಕೆ ಯಾರಿಂದಲೋ ಬರೆಸಿದ ಅರ್ಜಿ. ವಯಸ್ಸು ನಮೂದಿಸಿಲ್ಲವೆಂದು ಕಚೇರಿಯಲ್ಲಿ ಹಿಂದಕ್ಕೆ ಕೊಟ್ಟಿದ್ದರು. ‘ನಿನಗೆ ವಯಸ್ಸೆಷ್ಟಜ್ಜಿ?’ ಎಂದರೆ, ‘ಪ್ಲೇಗಿಗೆ ಊರ್ ಬಿಟ್ಟು ಗುಡ್ಲಲ್ಲಿದ್ದಾಗ ಹುಟ್ದೋಳು ಕಣ್ ಮಗಾ’ ಎಂದಳು. ಊರಿನ ಹಿರಿಯರನ್ನು ಕೂರಿಸಿಕೊಂಡು ಅದು ಯಾವ ಪ್ಲೇಗು, ಅವಳ ಮದುವೆಯಾದಾಗ ಕನ್ನಂಬಾಡಿ ಕಟ್ಟೆ ಮುಗಿದಿತ್ತೋ ಇಲ್ಲವೋ ಎಂದು ಲೆಕ್ಕ ಹಾಕುವ ಹೊತ್ತಿಗೆ ಸಂಜೆಯಾಯಿತು. ಇತಿಹಾಸದ ಪತ್ರಿಕೆಗೆ ನಾನು ಎಂದೂ ಅಷ್ಟು ಕಷ್ಟಪಟ್ಟು ಓದಿರಲಿಲ್ಲ.

ಮಾರನೆಯ ದಿನ ಹನ್ನೊಂದು ಮಂದಿ ಕಾಗದ ಹಿಡಿದು ನಿಂತಿದ್ದರು. ಪಹಣಿಯಲ್ಲಿ ಹೆಸರು ತಪ್ಪಿದವರು, ಪಡಿತರ ಚೀಟಿ ಇಲ್ಲದವರು, ಗಂಡ ಸತ್ತು ಖಾತೆ ಬದಲಾಗದವರು. ನಾಲ್ವರು ಗುದ್ದಲಿ ಕೆಳಗಿಟ್ಟು ಲೇಖನಿ ಹಿಡಿದೆವು. ಗ್ರಾಮಲೆಕ್ಕಿಗರು ಏನು ಮಾಡಬಹುದು, ತಹಸೀಲ್ದಾರರು ಏನು ಮಾಡಬೇಕು ಎಂಬುದನ್ನು ನಾವೇ ತಿಳಿದವರನ್ನು ಕೇಳಿಕೊಂಡು ಬರೆದೆವು. ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಎರಡು ಪತ್ರಿಕೆಗಳನ್ನು ಪಾಸು ಮಾಡಿದ್ದೇನೋ ಉಂಟು. ಶಿಬಿರ ಮುಗಿಯಲು ಎರಡು ದಿನವಿರುವಾಗ ಅದೇ ಮುದುಕಿ ಬಂದು, ‘ಅಲ್ಲ ಕಣಪ್ಪ, ನೀವ್ ವೊಂಟೋದ್ ಮೇಲೆ ನಮ್ಗ್ ಯಾರ್ ಬರ್ದ್ಕೊಡೋರು?’ ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಆ ಸಂಜೆಯ ಮನರಂಜನಾ ಕಾರ್ಯಕ್ರಮವನ್ನು ಬಿಟ್ಟು ಊರಿನ ಏಳನೆಯ ತರಗತಿಯ ಹುಡುಗ ಹುಡುಗಿಯರನ್ನು ಶಾಲೆಯ ಜಗುಲಿಯಲ್ಲಿ ಕೂರಿಸಿಕೊಂಡೆವು. ಯಾರಿಗೆ ಬರೆಯಬೇಕು, ವಿಷಯವೆಂದು ಮೇಲೆ ಏನನ್ನು ನಮೂದಿಸಬೇಕು, ಅಳುಕದೆ ಸ್ವೀಕೃತಿಯನ್ನು ಹೇಗೆ ಕೇಳಿ ಪಡೆಯಬೇಕು, ನಕಲನ್ನು ಏಕೆ ಇಟ್ಟುಕೊಳ್ಳಬೇಕು ಎಂದು ಎರಡು ಸಂಜೆ ಹೇಳಿಕೊಟ್ಟೆವು. ಶಿಬಿರದ ವರದಿಯ ನಮೂನೆಯಲ್ಲಿ ಇದನ್ನು ಬರೆಯಲು ಕಲಂ ಇರಲಿಲ್ಲ. ರಸ್ತೆಯ ಉದ್ದ ಇಷ್ಟು ಅಡಿ, ನೆಟ್ಟ ಸಸಿ ಇಷ್ಟು ಎಂದು ತುಂಬಿದೆವು. ಆ ರಸ್ತೆ ಮುಂದಿನ ಮುಂಗಾರಿನಲ್ಲಿ ಕೊಚ್ಚಿಕೊಂಡು ಹೋಯಿತೆಂದು ಆಮೇಲೆ ತಿಳಿಯಿತು.

ತಿಳಿದದ್ದು ಆ ಜಗುಲಿಯಲ್ಲಿ ಕುಳಿತಿದ್ದ ಹುಡುಗನೊಬ್ಬ ಬರೆದ ಇನ್‌ಲ್ಯಾಂಡ್ ಕಾಗದದಿಂದ. ರಸ್ತೆ ಹೋದುದನ್ನು ಒಂದೇ ಸಾಲಿನಲ್ಲಿ ಹೇಳಿ, ಉಳಿದ ಜಾಗದಲ್ಲೆಲ್ಲ, ಊರಿನ ಬೋರ್‌ವೆಲ್ಲಿನ ಕೈಪಂಪು ಕೆಟ್ಟಿರುವ ಬಗ್ಗೆ ತಾನು ಬರೆದು ಇಪ್ಪತ್ತಮೂರು ಜನರಿಂದ ರುಜು, ಹೆಬ್ಬೆಟ್ಟು ಹಾಕಿಸಿ ಕಳುಹಿಸಿದ ಅರ್ಜಿಯ ನಕಲನ್ನು ಅವನು ಇಳಿಸಿದ್ದ. ‘ವಿಷಯ’ದಲ್ಲಿ ‘ಶ’ಕಾರ ಬಿದ್ದಿತ್ತು, ‘ಸಾರ್ವಜನಿಕ’ದ ಒತ್ತಕ್ಷರ ತಪ್ಪಾಗಿತ್ತು. ನಾನು ಕಂಡ ಕಂಡ ಕಡೆ ತಪ್ಪು ತಿದ್ದುವ ಮನುಷ್ಯ. ಆ ಕಾಗದವನ್ನು ತಿದ್ದದೆ, ತಂದೆಯವರ ಪೆಟ್ಟಿಗೆಯಲ್ಲಿ ಪ್ರಚಾರ ಪುಸ್ತಕಗಳ ನಡುವೆ ಇಟ್ಟಿದ್ದೇನೆ.